ಕರಾವಳಿಯ ಕೂಸಿಗೆ ರಾತ್ರಿ ಎಷ್ಟು ಬಟ್ಟೆ?

(ಉಡುಪಿಯಲ್ಲಿ ಬಸುರಿಯರು, ಬಾಣಂತಿಯರು ಮತ್ತು ಅವರ ಮನೆಯ ಹಿರಿಯರು ಸೇರಿದ್ದ ಸಭೆಯೊಂದರಲ್ಲಿ ಮಕ್ಕಳ ವೈದ್ಯೆಯಾಗಿ ನಾನು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತಲೆಯ ಮೇಲೆ ಫ್ಯಾನುಗಳು ತಿರುಗುತ್ತಿವೆ, ಆದರೂ ಮುಂದಿನ ಸಾಲಿನ ಅಮ್ಮಂದಿರು ಕೈಯಲ್ಲಿರುವ ಆಮಂತ್ರಣ ಪತ್ರವನ್ನೇ ಬೀಸಣಿಗೆ ಮಾಡಿಕೊಂಡಿದ್ದಾರೆ. ಏಪ್ರಿಲ್ ತಿಂಗಳ ಉಡುಪಿ, ಯಾರನ್ನೂ ದೂರುವಂತಿಲ್ಲ. ಅದೇ ಸಾಲಿನಲ್ಲಿ ಮೂರು ಕೂಸುಗಳು ಮಡಿಲಲ್ಲಿ ನಿದ್ದೆ ಹೋಗಿವೆ. ಮೂರರ ತಲೆಗೂ ಕುಲಾವಿ. ಎರಡರ ಕಾಲಿಗೆ ಕಾಲುಚೀಲ. ಒಂದಕ್ಕೆ ಉಣ್ಣೆಯ ಸ್ವೆಟರ್ ಕೂಡ ಇದೆ, ಬಹಳ ಚಂದದ ಹೆಣಿಗೆ, ಅಜ್ಜಿಯೇ ಹೆಣೆದದ್ದಿರಬೇಕು. ನಾನು ಮಾತು ಮುಂದುವರಿಸುತ್ತಿರುವಂತೆಯೇ ಆ ಕುಲಾವಿಗಳನ್ನೂ ಸ್ವೆಟರನ್ನೂ ಮೆಲ್ಲಗೆ ತೆಗೆದುಬಿಡಿ. ಮಗು ಏಳುವುದಿಲ್ಲ. ಎದ್ದರೆ ಹಾಲು ಕೊಡಿ, ಈ ಸಭೆಯಲ್ಲಿ ಅದಕ್ಕೆ ಯಾವ ಸಂಕೋಚವೂ ಬೇಡ.

ಮಗುವಿನ ಬಟ್ಟೆಯ ವಿಷಯ ಬಂದರೆ ನಮ್ಮ ಮನೆಗಳಲ್ಲಿ ಇರುವ ಹೆದರಿಕೆ ಒಂದೇ, ಶೀತ. ಗಾಳಿ ತಾಗಿದರೆ ಶೀತ, ಫ್ಯಾನ್ ಹಾಕಿದರೆ ಶೀತ, ತಲೆ ಬರಿದಾಗಿದ್ದರೆ ಶೀತ. ನಾನು ಹೇಳಲು ಬಂದಿರುವುದು ಇದರ ಎದುರಿನ ಮಾತು. ಮಂಗಳೂರು, ಉಡುಪಿಯಂಥ ಊರಿನಲ್ಲಿ ತಿಂಗಳು ತುಂಬಿ ಹುಟ್ಟಿ ಚೆನ್ನಾಗಿ ಹಾಲು ಕುಡಿಯುತ್ತಿರುವ ಮಗುವನ್ನು ರಾತ್ರಿ ಕಾಡುವುದು ಚಳಿಯಲ್ಲ, ಸೆಕೆ. ಇಲ್ಲಿ ವರ್ಷದ ಅತಿ ತಂಪಿನ ರಾತ್ರಿಗಳು ಜನವರಿಯವು. ಆಗಲೂ ಪಾದರಸ ಇಳಿಯುವುದು ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿಗೆ. ಮೇ ತಿಂಗಳಲ್ಲಿ ನಸುಕಿನಲ್ಲೂ 25–26 ಡಿಗ್ರಿ ಇರುತ್ತದೆ. ಹಗಲಿಡೀ ಕಾದ ತಾರಸಿಯ ಕೆಳಗಿನ ಕೋಣೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಸಾಲದ್ದಕ್ಕೆ ಸಮುದ್ರದ ತೇವ. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದೂ ಇಲ್ಲ.

ನಮ್ಮ ಮನೆಗಳ ಗಂಡಸರನ್ನು ನೋಡಿ. ಮುಂಡು ಸುತ್ತಿಕೊಂಡು ಬರಿಮೈಯಲ್ಲಿ ಜಗಲಿಯಲ್ಲಿ ಮಲಗುತ್ತಾರೆ. ಅದೇ ಮನೆಯ ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ, ಧೂಪದ ಹೊಗೆ ಇನ್ನೂ ಆರದ ಕತ್ತಲೆಯಲ್ಲಿ, ಇಪ್ಪತ್ತು ದಿನದ ಕೂಸು ಅಂಗಿ, ಸ್ವೆಟರ್, ಕುಲಾವಿ, ಕೈಚೀಲ, ಕಾಲುಚೀಲ, ಮೇಲೊಂದು ಟರ್ಕಿ ಟವೆಲ್ ಹೊದ್ದು ಮಲಗಿರುತ್ತದೆ. ಇಬ್ಬರೂ ಒಂದೇ ಸೂರಿನ ಕೆಳಗಿನವರು, ಒಂದೇ ರಕ್ತದವರು. ಕೂಸಿಗೆ ಮಾತ್ರ ಬೇರೆ ಹವಾಮಾನ ಎಲ್ಲಿಂದ ಬಂತು?

ಹಾಗೆಂದು ಕೂಸಿನ ದೇಹ ದೊಡ್ಡವರ ದೇಹದಂತೆಯೇ ಇದೆ ಎಂದಲ್ಲ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ಹೆಚ್ಚು. ಆದ್ದರಿಂದ ಅದು ಬೇಗ ತಣ್ಣಗಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಚಳಿಯಾದರೆ ನಮ್ಮಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಅದಕ್ಕಾಗಿ ಪ್ರಕೃತಿ ಹೆಗಲೆಲುಬುಗಳ ನಡುವೆ, ಕುತ್ತಿಗೆಯ ಸುತ್ತ ಕಂದು ಬಣ್ಣದ ಕೊಬ್ಬನ್ನು ಇಟ್ಟಿದೆ, ಅದನ್ನು ಸುಟ್ಟು ಮಗು ಬೆಚ್ಚಗಾಗುತ್ತದೆ. ಬಿಸಿಯಾದಾಗ ಮಾತ್ರ ಅದರ ಕೈಯಲ್ಲಿರುವ ಉಪಾಯ ಕಡಿಮೆ. ಬೆವರುವ ಸಾಮರ್ಥ್ಯ ಇನ್ನೂ ಬಲಿತಿರುವುದಿಲ್ಲ, ಹೊದಿಕೆ ಒದ್ದು ಹಾಕುವ ಶಕ್ತಿ ಇಲ್ಲ, ಕೇಳಲು ಬಾಯಿಯಿಲ್ಲ. ಇನ್ನು ತಲೆ. ದೊಡ್ಡವರ ಮೈಗೆ ತಲೆ ಸಣ್ಣ ಭಾಗ, ಕೂಸಿಗೆ ಅದು ಮೈಯ ಮೇಲ್ಮೈಯ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಮೈಯೆಲ್ಲ ಬಟ್ಟೆಯಲ್ಲಿದ್ದಾಗ ಶಾಖ ಹೊರಹೋಗಲು ಉಳಿಯುವುದು ತಲೆ ಮತ್ತು ಮುಖ. ಅಲ್ಲಿಗೂ ಕುಲಾವಿ ಹಾಕಿ ಗಲ್ಲಕ್ಕೆ ಕಟ್ಟುವುದೆಂದರೆ ಕೋಣೆಯಲ್ಲಿ ತೆರೆದಿದ್ದ ಒಂದೇ ಕಿಟಕಿಯನ್ನು ಮುಚ್ಚಿದಂತೆ.

ಇದರಲ್ಲಿ ಬರಿಯ ಹಿತದ ಪ್ರಶ್ನೆಯಷ್ಟೇ ಇಲ್ಲ. ಆರೋಗ್ಯವಾಗಿಯೇ ಇದ್ದ ಮಗು ನಿದ್ದೆಯಲ್ಲೇ ತೀರಿಹೋಗುವ ಹಠಾತ್ ಶಿಶು ಮರಣ ಎಂಬುದೊಂದಿದೆ. ಅಪರೂಪ, ಆದರೆ ನಿಜ. ಎರಡರಿಂದ ನಾಲ್ಕು ತಿಂಗಳ ನಡುವೆ ಅಪಾಯ ಹೆಚ್ಚು, ಬಹುಪಾಲು ಸಾವುಗಳು ಆರು ತಿಂಗಳೊಳಗೆ ಆಗುತ್ತವೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿರೆಂದು ದೊಡ್ಡ ಪ್ರಚಾರ ನಡೆಯಿತು. ಅಮೆರಿಕದಲ್ಲಿ ಮುಂದಿನ ಕೆಲವೇ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧದಷ್ಟು ಇಳಿದವು. ಬೋರಲು ಮಲಗುವುದರ ಜೊತೆಗೆ ಅಪಾಯದ ಪಟ್ಟಿಯಲ್ಲಿರುವುದು ಮೃದುವಾದ ಹಾಸಿಗೆ, ಮುಖ ಮುಚ್ಚುವ ಹೊದಿಕೆ, ಮನೆಯೊಳಗಿನ ಬೀಡಿ ಸಿಗರೇಟಿನ ಹೊಗೆ ಮತ್ತು ಅತಿಯಾದ ಶಾಖ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲಿ, ಹುಟ್ಟಿದ ಮೊದಲ ಕೆಲವು ಗಂಟೆಗಳು ಮತ್ತು ಆಸ್ಪತ್ರೆಯ ವಿಶೇಷ ಸಂದರ್ಭಗಳನ್ನು ಬಿಟ್ಟರೆ ಮನೆಯೊಳಗೆ ಮಗುವಿಗೆ ಟೋಪಿ ಬೇಡ ಎಂದೇ ಹೇಳಿದೆ. ಹಿಮ ಬೀಳುವ ದೇಶದ ಮಾತು ಇದು. ನಾವೆಲ್ಲಿ, ಅವರೆಲ್ಲಿ!

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ಈಗ ಹೇಳಿದ್ದನ್ನು ಎಲ್ಲ ಮಕ್ಕಳಿಗೂ ಹಚ್ಚಿದರೆ ಅನಾಹುತ. ಎರಡೂವರೆ ಕಿಲೊಗಿಂತ ಕಡಿಮೆ ತೂಕದ ಮಕ್ಕಳು, 37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಲ್ಲಿ ಕಂದು ಕೊಬ್ಬು ಸಾಕಷ್ಟು ಇರುವುದಿಲ್ಲ, ಚರ್ಮ ತೆಳು. ಅವರ ಶತ್ರು ಚಳಿಯೇ. ಅಂಥ ಮಗುವಿಗೆ ಕುಲಾವಿ ಬೇಕು, ಕಾಲುಚೀಲ ಬೇಕು, ವೈದ್ಯರು ಸಾಕೆನ್ನುವವರೆಗೆ ಬೇಕು. ಅದಕ್ಕಿಂತ ದೊಡ್ಡ ಔಷಧಿ ತಾಯಿಯ ಮೈ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಸಣ್ಣ ಮಕ್ಕಳನ್ನು ತಾಯಿಯ ಎದೆಗೆ ಕಟ್ಟತೊಡಗಿದರು. ಇಂದು ಕಾಂಗರೂ ಆರೈಕೆ ಎಂದು ನಮ್ಮ ಆಸ್ಪತ್ರೆಗಳಲ್ಲೂ ಕಲಿಸುವುದು ಅದನ್ನೇ. ಮಗುವಿಗೆ ಲಂಗೋಟಿ, ಕುಲಾವಿ, ಕಾಲುಚೀಲ ಬಿಟ್ಟರೆ ಬೇರೆ ಬಟ್ಟೆಯಿಲ್ಲ. ತಾಯಿಯ ಬರಿ ಎದೆಗೆ ಮಗುವಿನ ಬರಿ ಎದೆ, ಮೇಲಿಂದ ಸುತ್ತಿದ ಒಂದು ಬಟ್ಟೆ. ಸ್ವೆಟರಿನ ರಾಶಿಗಿಂತ ಇದು ಹೆಚ್ಚು ಬೆಚ್ಚಗೆ. ಅಪ್ಪನ ಎದೆಯೂ ಇದಕ್ಕೆ ಆಗುತ್ತದೆ. ಅಜ್ಜಿಯದೂ ಆಗುತ್ತದೆ. ಒಂದು ಮಾತು: ತಾಯಿಗೆ ತೂಕಡಿಕೆ ಬಂದರೆ ಎಚ್ಚರವಿರುವ ಇನ್ನೊಬ್ಬರು ಮಗುವನ್ನು ಎತ್ತಿಕೊಳ್ಳಬೇಕು.

ಮಗುವಿಗೆ ಬಿಸಿಯೋ ತಂಪೋ ಎಂದು ತಿಳಿಯುವುದು ಹೇಗೆ? ಹೆಚ್ಚಿನವರು ಅಂಗೈ, ಅಂಗಾಲು ಮುಟ್ಟುತ್ತಾರೆ, ತಣ್ಣಗಿದೆ ಎನ್ನುತ್ತಾರೆ, ಇನ್ನೊಂದು ಬಟ್ಟೆ ತರುತ್ತಾರೆ. ಮೊದಲ ವಾರಗಳಲ್ಲಿ ಕೈಕಾಲಿನ ರಕ್ತಸಂಚಾರ ನಿಧಾನ, ಆರೋಗ್ಯವಂತ ಮಗುವಿನ ಅಂಗೈ ಅಂಗಾಲು ತಣ್ಣಗೆ, ಸ್ವಲ್ಪ ನೀಲಿಯಾಗಿ ಇರುವುದು ಸಹಜ. ಮುಟ್ಟಬೇಕಾದದ್ದು ಕತ್ತಿನ ಹಿಂಭಾಗವನ್ನು, ಎದೆಯನ್ನು. ಕೈ ಒರೆಸಿಕೊಂಡು ಎರಡು ಬೆರಳನ್ನು ಅಂಗಿಯ ಕುತ್ತಿಗೆಯೊಳಗೆ, ಬೆನ್ನಿನ ಕಡೆಗೆ ಇಳಿಸಿ. ಒಣಗಿದ್ದು, ಹಿತವಾದ ಬೆಚ್ಚಗಿದ್ದರೆ ಸರಿ. ತೇವವಿದ್ದರೆ, ಹಿಂದಲೆಯ ಕೂದಲು ಅಂಟಿಕೊಂಡಿದ್ದರೆ, ಕೆನ್ನೆ ಕೆಂಪಾಗಿದ್ದರೆ, ಉಸಿರು ಜೋರಾಗಿದ್ದರೆ ಒಂದು ಬಟ್ಟೆ ಕಳಚಿ. ಎದೆಯೂ ತಣ್ಣಗಿದ್ದರೆ ಒಂದು ಬಟ್ಟೆ ಹೆಚ್ಚಿಸಿ, ಎದೆಗೆ ಒತ್ತಿ ಹಿಡಿದುಕೊಳ್ಳಿ. ಸಣ್ಣ ತೂಕದ ಮಗುವಾದರೆ ಮಾತ್ರ ದಾದಿಯರ ಪರೀಕ್ಷೆ ಬೇರೆ. ಅವರು ಕೈಯ ಹಿಂಬದಿಯಿಂದ ಹೊಟ್ಟೆಯನ್ನೂ ಪಾದವನ್ನೂ ಮುಟ್ಟುತ್ತಾರೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಆ ಮಗುವಿಗೆ ಚಳಿ ಶುರುವಾಗಿದೆ ಎಂದು ಲೆಕ್ಕ. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದ ಅಳತೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಬಟ್ಟೆ ಸಡಿಲಿಸುವುದೇನೋ ಸರಿ, ಆದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆತನ್ನಿ.

ಈಗ ಬಟ್ಟೆಗೇ ಬರೋಣ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ರಾತ್ರಿಗೆ ಬೇಕಾದದ್ದು ತೀರಾ ಕಡಿಮೆ. ತೋಳಿಲ್ಲದ ಹತ್ತಿಯ ಜಬ್ಲಾ, ಕೆಳಗೆ ಲಂಗೋಟಿ ಅಥವಾ ಡೈಪರ್. ಕೋಣೆ 27 ಡಿಗ್ರಿಗಿಂತ ಬಿಸಿಯಿದ್ದರೆ ಜಬ್ಲಾ ಇಲ್ಲದೆ ಬರಿಯ ಲಂಗೋಟಿಯಾದರೂ ನಡೆಯುತ್ತದೆ. ಡೈಪರ್ ಕೂಡ ಒಂದು ಪದರ ಬಟ್ಟೆಯೇ ಎಂಬುದನ್ನು ಮರೆಯಬೇಡಿ, ಅದರ ಹೊರಗಿನ ಪ್ಲಾಸ್ಟಿಕ್ ಸೊಂಟದ ಭಾಗವನ್ನು ಪೂರ್ತಿ ಮುಚ್ಚುತ್ತದೆ. ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದಿಯಲ್ಲಿ ಸಾಸಿವೆಯಷ್ಟಾಗಲಿ, ಇನ್ನೂ ಸಣ್ಣದಾಗಲಿ ಕೆಂಪು ಗುಳ್ಳೆಗಳು ಎದ್ದರೆ ಅದು ಬೆವರುಸಾಲೆ. ಅದಕ್ಕೆ ಮದ್ದು ಪೌಡರ್ ಅಲ್ಲ. ಪೌಡರಿನ ಹುಡಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ, ಬೆವರಿನೊಂದಿಗೆ ಕಲಸಿ ಮಡಿಕೆಯಲ್ಲಿ ಕೂರುತ್ತದೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಟ್ಟೆ ಕಡಿಮೆ ಮಾಡಿ. ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಬಟ್ಟೆ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನನ್ನ ಉತ್ತರ ಅಂಗಡಿಯಲ್ಲಿ ಇಲ್ಲ, ಅಜ್ಜಿಯ ಕಪಾಟಿನಲ್ಲಿದೆ. ವರ್ಷಗಟ್ಟಲೆ ಉಟ್ಟು, ಒಗೆದು ಒಗೆದು ತೆಳುವಾದ ಕೈಮಗ್ಗದ ಹತ್ತಿ ಸೀರೆ, ಅಜ್ಜನ ಹಳೆಯ ಮುಂಡು. ಅದರ ಗಂಜಿ ಎಂದೋ ಹೋಗಿದೆ, ಬಣ್ಣ ಬಿಡುವಷ್ಟು ಬಿಟ್ಟಾಗಿದೆ. ನೀರು ಹೀರುತ್ತದೆ, ಗಾಳಿ ಬಿಡುತ್ತದೆ. ಅದರಲ್ಲಿ ಹೊಲಿದ ಅಂಗಿಗೆ ಸಮನಾದದ್ದು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಸೆಟ್ಟುಗಳಲ್ಲಿ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು, ಇದನ್ನು ಬಾಣಂತಿಯ ಮನೆಯವರೆಲ್ಲ ಬರೆದುಕೊಳ್ಳಿ. ಮಳೆಗಾಲದಲ್ಲಿ ನುಸಿ ಹಿಡಿಯದಿರಲೆಂದು ನಾವು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಡುತ್ತೇವೆ. ಅದು ಹೆಚ್ಚಾಗಿ ನಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ನಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಕಾಮಾಲೆ ಏರುತ್ತದೆ, ಏರಿದ್ದು ಮೆದುಳಿಗೆ ಹಾನಿ ಮಾಡುವ ಮಟ್ಟಕ್ಕೂ ಹೋಗಬಹುದು. ಎಣ್ಣೆ ಹಚ್ಚಿದ ಮೈ ಅದನ್ನು ಇನ್ನೂ ಬೇಗ ಹೀರುತ್ತದೆ. ಯಾವ ಮಗುವಿಗೆ ಆ ಕೊರತೆ ಇದೆ ಎಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಮಗುವಿಗೆಂದು ಎತ್ತಿಡುವ ಬಟ್ಟೆಯ ಹತ್ತಿರ ನುಸಿಗುಳಿಗೆ ಬೇಡವೇ ಬೇಡ. ಗಟ್ಟಿ ಮುಚ್ಚಳದ ಡಬ್ಬಿ ಸಾಕು. ವಾಸನೆ ಬರುವ ಹಳೆಯ ಬಟ್ಟೆಯನ್ನು, ಅದು ತಾಯಿ ತಾನೇ ಕೂಸಾಗಿದ್ದಾಗ ಹಾಕಿದ ಅಂಗಿಯೇ ಆಗಿರಲಿ, ಮಗುವಿನ ಮೈಗೆ ತಾಗಿಸಬೇಡಿ.

ಮಳೆಗಾಲದ ಕಷ್ಟ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನೂ ಒಣಗುವುದಿಲ್ಲ. ಹಗ್ಗದ ಮೇಲೆ ಮೂರು ದಿನ ನೇತಾಡಿದ ಲಂಗೋಟಿ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಕೆನ್ನೆಗೆ ಒತ್ತಿದರೆ ತೇವ ತಿಳಿಯುತ್ತದೆ. ಆ ತೇವವೇ ಮಗುವಿಗೆ ಚಳಿ ಹಿಡಿಸುವುದು, ಗಾಳಿಯಲ್ಲ. ಬಚ್ಚಲೊಲೆಯ ಪಕ್ಕ ಒಣಗಿಸುತ್ತೀರಿ, ಒಳ್ಳೆಯದು, ಆದರೆ ಹೊಗೆ ಹಿಡಿಯದಂತೆ ನೋಡಿಕೊಳ್ಳಿ, ಕೊನೆಗೆ ಇಸ್ತ್ರಿ ಹಾಕಿ. ರಾತ್ರಿಯ ಮಟ್ಟಿಗೆ ಡೈಪರ್ ಹಾಕುವುದರಲ್ಲಿ ಯಾವ ಪಾಪವೂ ಇಲ್ಲ. ಒದ್ದೆ ಲಂಗೋಟಿಯಲ್ಲಿ ಫ್ಯಾನಿನ ಕೆಳಗೆ ಮಲಗುವ ಮಗುವಿಗಿಂತ ಒಣಗಿದ ಡೈಪರಿನ ಮಗು ಸುಖಿ. ಮಳೆ ಸುರಿಯುವ ರಾತ್ರಿ ಹೊರಗೆ 23 ಡಿಗ್ರಿ ಇದ್ದರೂ ಮುಚ್ಚಿದ ಕೋಣೆಯಲ್ಲಿ ಅಷ್ಟು ತಂಪಿರುವುದಿಲ್ಲ. ತೆಳು ಹತ್ತಿಯ ಪೂರ್ತಿ ತೋಳಿನ ಅಂಗಿ, ಒಂದು ಚಡ್ಡಿ ಸಾಕು.

ಡಿಸೆಂಬರ್, ಜನವರಿಯಲ್ಲಿ ಗಮನಿಸಬೇಕಾದದ್ದು ನಸುಕಿನ ಹೊತ್ತು. ಮಲಗುವಾಗ ಬೆವರುವಷ್ಟು ಸೆಕೆ, ನಾಲ್ಕು ಗಂಟೆಗೆ ನೆಲದ ಕಡೆಯಿಂದ ಬೀಸುವ ತಂಪು ಗಾಳಿ. ನಾಲ್ಕು ಗಂಟೆಯ ಚಳಿಗೆ ಹೆದರಿ ಒಂಬತ್ತು ಗಂಟೆಗೇ ಸ್ವೆಟರ್ ತೊಡಿಸಿದರೆ ಮಗು ನಡುವಿನ ಏಳು ಗಂಟೆ ಬೇಯುತ್ತದೆ. ಹೇಗಿದ್ದರೂ ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತೀರಿ. ಆಗ ಕತ್ತಿನ ಹಿಂದೆ ಬೆರಳಿಡಿ, ಬೇಕೆನಿಸಿದರೆ ಮುಂದೆ ತೆರೆಯುವ ಒಂದು ಹತ್ತಿ ಅಂಗಿಯನ್ನು ಮೇಲಿಂದ ಹಾಕಿ. ಮುಂದೆ ತೆರೆಯುವ, ಬದಿಗೆ ಕಟ್ಟುವ ಅಂಗಿಯ ಲಾಭವೇ ಇದು. ತಲೆಯಿಂದ ಎಳೆದು ಹಾಕುವ ಬಟ್ಟೆಯಾದರೆ ಇಡೀ ಮನೆ ಎದ್ದು ಕೂರುತ್ತದೆ.

ಈಗ ನಮ್ಮ ಊರಿಗೇ ವಿಶೇಷವಾದ ಒಂದು ಸಂಗತಿ. ಇಲ್ಲಿ ಹೊರದೇಶದಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ದುಬೈಯಿಂದ ಮಾವ ಬರುತ್ತಾರೆ, ಲಂಡನ್ನಿನಿಂದ ಚಿಕ್ಕಮ್ಮ ಬರುತ್ತಾರೆ, ಸೂಟ್‌ಕೇಸ್ ತೆರೆದರೆ ಕರಡಿಯ ಕಿವಿಯಿರುವ ಫ್ಲೀಸ್ ಅಂಗಿ, ತೋಳಿಲ್ಲದ ಮಲಗುವ ಚೀಲ. ಚೀಲದ ಪಟ್ಟಿಯ ಮೇಲೆ ಟಾಗ್ ಎಂಬ ಸಂಖ್ಯೆ ಇರುತ್ತದೆ. ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡ, ಬಟ್ಟೆ ಎಷ್ಟು ಶಾಖ ಹಿಡಿದಿಡುತ್ತದೆ ಎಂದು ಹೇಳುವ ಅಳತೆ ಅದು. 2.5 ಟಾಗ್ ಎಂದಿದ್ದರೆ ಆ ಚೀಲ 16ರಿಂದ 20 ಡಿಗ್ರಿಯ ಕೋಣೆಗೆ. ಬ್ರಿಟನ್ನಿನಲ್ಲಿ ಮಗುವಿನ ಕೋಣೆ ಇರಬೇಕಾದದ್ದೇ ಅಷ್ಟು ಎನ್ನುತ್ತಾರೆ. ನಮ್ಮ ಕೋಣೆ ಎ.ಸಿ. ಇಲ್ಲದೆ ಅಷ್ಟಕ್ಕೆ ಇಳಿಯುವುದೇ ಇಲ್ಲ. 0.5 ಟಾಗ್‌ನ ತೆಳು ಚೀಲ ಸಿಕ್ಕಿದರೆ ಎ.ಸಿ. ಕೋಣೆಯಲ್ಲಿ ಬಳಸಬಹುದು, ಜಾರುವ ಹೊದಿಕೆಗಿಂತ ಅದು ಒಳ್ಳೆಯದು. ಕುತ್ತಿಗೆ, ತೋಳು ಸರಿಯಾದ ಅಳತೆಯದಾಗಿರಬೇಕು, ಮಗು ಒಳಗೆ ಜಾರಿ ಮುಖ ಮುಚ್ಚುವಂತಿರಬಾರದು. ಕರಡಿಯ ಅಂಗಿಯಲ್ಲಿ ಒಂದು ಫೋಟೊ ತೆಗೆದು ಚಿಕ್ಕಮ್ಮನಿಗೆ ಕಳುಹಿಸಿ, ಆಮೇಲೆ ಮಡಚಿಡಿ. ಮಡಿಕೇರಿಗೋ ಬೆಂಗಳೂರಿಗೋ ಹೋಗುವಾಗ ಉಪಯೋಗಕ್ಕೆ ಬರುತ್ತದೆ.

ಸರಕಾರದ ಮಡಿಲು ಯೋಜನೆ 2007ರಲ್ಲಿ ಆರಂಭವಾದಾಗ ಬಾಣಂತಿಯರಿಗೆ ಕೊಟ್ಟ ಕಿಟ್ಟಿನಲ್ಲಿಯೂ ಸ್ವೆಟರ್, ಟೋಪಿ, ಕಾಲುಚೀಲ ಇದ್ದವು. ಬೀದರಿನಿಂದ ಕೊಡಗಿನವರೆಗೆ ಒಂದೇ ಕಿಟ್ ಎಂದಾಗ ಇರಲೇಬೇಕು. ಆದರೆ ಅದೇ ಚೀಲದಲ್ಲಿದ್ದ ಸೊಳ್ಳೆಪರದೆ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ವಸ್ತು. ಮಂಗಳೂರಿಗೆ ಮಲೇರಿಯಾದ ಕಾಟ ದಶಕಗಳದ್ದು, ಡೆಂಗಿ ಮಳೆಗಾಲದ ಖಾಯಂ ಅತಿಥಿ. ಸೊಳ್ಳೆಗೆ ಹೆದರಿ ದಪ್ಪ ಬಟ್ಟೆ ತೊಡಿಸುವವರಿದ್ದಾರೆ, ಸುರುಳಿ ಹಚ್ಚಿ ಕೋಣೆ ತುಂಬ ಹೊಗೆ ಮಾಡುವವರಿದ್ದಾರೆ. ಎರಡೂ ಬೇಡ. ಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿ, ಒಳಗೆ ಮಗು ಜಬ್ಲಾದಲ್ಲಿ ಹಾಯಾಗಿರಲಿ. ಪರದೆ ಮುಖಕ್ಕೆ ತಾಗುವಂತೆ ಜೋತುಬಿದ್ದಿರಬಾರದು. ಎರಡು ತಿಂಗಳೊಳಗಿನ ಮಗುವಿನ ಮೈಗೆ ಸೊಳ್ಳೆ ಓಡಿಸುವ ಕ್ರೀಮ್ ಹಚ್ಚುವಂತಿಲ್ಲ.

ಬಟ್ಟೆಯಲ್ಲಿ ಸುತ್ತಿ ಮಲಗಿಸುವುದು ತಪ್ಪೇ? ಅಲ್ಲ. ಕೈಕಾಲು ಬೆಚ್ಚಿ ಏಳುವ ಮಗು ಸುತ್ತಿದರೆ ಶಾಂತವಾಗುತ್ತದೆ. ಈ ಗೊಂಬೆಯನ್ನು ನೋಡಿ, ಇದು ಒಂದು ಗಜ ಚೌಕದ ಹಳೆ ಮುಂಡಿನ ತುಂಡು. ಒಂದು ಮೂಲೆಯನ್ನು ಮಡಚಿದ್ದೇನೆ, ಮಡಿಕೆಯ ಗೆರೆ ಹೆಗಲ ಮಟ್ಟದಲ್ಲಿ ಬರಬೇಕು, ಕಿವಿಯ ಮಟ್ಟದಲ್ಲಿ ಅಲ್ಲ. ಎಡಗೈಯನ್ನು ಎದೆಯ ಹತ್ತಿರ ಮಡಚಿ ಈ ಬದಿ ತಂದು ಬೆನ್ನಡಿಗೆ ಸೇರಿಸುತ್ತೇನೆ. ಈಗ ಕೆಳಗಿನ ಮೂಲೆ. ನಮ್ಮಲ್ಲಿ ಇಲ್ಲೇ ಎಡವುತ್ತಾರೆ: ಕಾಲು ನೇರವಾಗಲೆಂದು ಎರಡೂ ಕಾಲನ್ನು ಎಳೆದು ಜೋಡಿಸಿ ಬಿಗಿಯುತ್ತಾರೆ. ಕಾಲು ನೇರವಾಗುವುದಿಲ್ಲ, ಸೊಂಟದ ಕೀಲು ಜಾರುತ್ತದೆ. ಜಪಾನಿನಲ್ಲಿ ಹೀಗೆ ಕಾಲು ಚಾಚಿ ಸುತ್ತುವ ಪದ್ಧತಿಯನ್ನು 1970ರ ದಶಕದಲ್ಲಿ ಪ್ರಚಾರ ಮಾಡಿ ಬಿಡಿಸಿದ ಮೇಲೆ ಸೊಂಟ ಜಾರಿದ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಕಾಲುಗಳು ಕಪ್ಪೆಯ ಕಾಲಿನಂತೆ ಮಡಚಿ ಅಗಲಿಸಿಕೊಳ್ಳುವಷ್ಟು ಜಾಗ ಕೆಳಗೆ ಇರಬೇಕು. ಎದೆಯ ಮೇಲೆ ಬಟ್ಟೆಯೊಳಗೆ ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು. ಸುತ್ತಿದ ಮಗು ಯಾವಾಗಲೂ ಬೆನ್ನ ಮೇಲೆ. ಒಳಗೆ ಲಂಗೋಟಿ ಮಾತ್ರ, ಏಕೆಂದರೆ ಸುತ್ತಿದ್ದೇ ಒಂದು ಬಟ್ಟೆಯಾಯಿತು. ಮಗು ಮಗುಚಲು ಯತ್ನಿಸುವ ಸೂಚನೆ ಕಂಡ ದಿನ, ಮೂರು ನಾಲ್ಕು ತಿಂಗಳಿಗೆ, ಸುತ್ತುವುದನ್ನು ಪೂರ್ತಿ ನಿಲ್ಲಿಸಿ.

ಸಣ್ಣ ಸಣ್ಣ ವಸ್ತುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕಾಲುಚೀಲ, ಕೈಚೀಲ ಹಾಕುವುದಾದರೆ ಒಳಮಗ್ಗುಲು ತಿರುಗಿಸಿ ನೋಡಿ. ಬಿಡಿ ನೂಲೋ ತಾಯಿಯ ತಲೆಗೂದಲೋ ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳು ಊದಿಕೊಳ್ಳುತ್ತದೆ. ಕಾರಣವಿಲ್ಲದೆ ಅಳುತ್ತಿರುವ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ನಮ್ಮ ಅಭ್ಯಾಸ. ಉಗುರಿನಿಂದ ಮುಖ ಗೀರಿಕೊಳ್ಳುತ್ತದೆ ಎಂದರೆ ಉಗುರು ಕತ್ತರಿಸಿ, ದಿನವಿಡೀ ಕೈಚೀಲ ಬೇಡ. ಕುತ್ತಿಗೆಯ ದಾರ, ತಾಯಿತ, ಚಿನ್ನದ ಸರ, ಕರಿಮಣಿ ರಾತ್ರಿ ತೆಗೆದಿಡಿ. ದೃಷ್ಟಿಗೆಂದು ಬೇಕೇ ಬೇಕೆನ್ನುವವರು ಸೊಂಟದ ಉಡಿದಾರಕ್ಕೆ ಸಮಾಧಾನಪಟ್ಟುಕೊಳ್ಳಿ, ಅದೂ ಬಿಗಿಯಾಗದಂತೆ ವಾರಕ್ಕೊಮ್ಮೆ ನೋಡಿ. ಸೇಫ್ಟಿ ಪಿನ್ ಬೇಡ. ನಾಮಕರಣದ ದಿನ ಜರಿ ಅಂಗಿಯಲ್ಲೇ ನಿದ್ದೆ ಹೋದ ಮಗುವನ್ನು ಎಬ್ಬಿಸುವುದು ಹೇಗೆಂದು ಬಿಡಬೇಡಿ, ಬದಲಾಯಿಸಿ. ಬಾಣಂತಿ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ, ನೈಲಾನ್ ಬಟ್ಟೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಮಲಗುವ ಜಾಗ ಗಟ್ಟಿಯಾಗಿ, ಸಮತಟ್ಟಾಗಿರಲಿ. ಚಾಪೆಯ ಮೇಲೆ ಬಿಗಿಯಾಗಿ ಹಾಸಿದ ಮಡಚಿದ ಸೀರೆ ಇಂದಿನ ಯಾವ ಸಲಹೆಗೂ ಹೊಂದುತ್ತದೆ. ತಲೆ ಗುಂಡಗಾಗಲು ಸಾಸಿವೆ ದಿಂಬು, ಎರಡು ಬದಿಗೆ ಉರುಳು ದಿಂಬು, ಗೊಂಬೆ, ಮಡಚಿದ ಬೈರಾಸು ಯಾವುದೂ ಒಂದು ವರ್ಷದವರೆಗೆ ಹತ್ತಿರ ಬೇಡ. ದೊಡ್ಡವರ ಹೊದಿಕೆಯೊಳಗೆ ಮಗುವನ್ನು ಎಳೆದುಕೊಳ್ಳಬೇಡಿ. ಒಂದೇ ಕೋಣೆ, ಬೇರೆ ಹಾಸು, ಕೈಗೆ ಎಟಕುವಷ್ಟು ಹತ್ತಿರ.

ಇನ್ನು ಕೇಳಿದ ಪ್ರಶ್ನೆಗಳು.

ಒಬ್ಬ ಅಜ್ಜಿ ಕೇಳಿದರು: "ನಾವು ಐದು ಮಕ್ಕಳನ್ನು ಕುಲಾವಿ ಹಾಕಿಯೇ ಸಾಕಿದ್ದೇವೆ ಡಾಕ್ಟರೇ, ಏನೂ ಆಗಲಿಲ್ಲವಲ್ಲ?" ಅಮ್ಮ, ನೀವು ಸಾಕಿದ್ದು ಹೆಂಚಿನ ಮನೆಯಲ್ಲಿ. ಹೆಂಚಿನ ಸಂದಿಯಿಂದ ರಾತ್ರಿಯಿಡೀ ಗಾಳಿ ಆಡುತ್ತಿತ್ತು, ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ತಂಪು ನೆಲ, ಅಂಗಳದ ತುಂಬ ಮರ. ನಿಮ್ಮ ಮೊಮ್ಮಗು ಇರುವುದು ಕಾಂಕ್ರೀಟಿನ ಫ್ಲಾಟಿನಲ್ಲಿ, ಸೊಳ್ಳೆಗೆ ಹೆದರಿ ಸಂಜೆ ಐದಕ್ಕೇ ಕಿಟಕಿ ಮುಚ್ಚುವ ಕೋಣೆಯಲ್ಲಿ. ಕುಲಾವಿ ಅದೇ, ಮನೆ ಬೇರೆಯಾಗಿದೆ.

ರಾತ್ರಿ ಯಕ್ಷಗಾನಕ್ಕೆ ಕರೆದೊಯ್ಯಬಹುದೇ ಎಂದು ಒಬ್ಬ ತಂದೆಯ ಪ್ರಶ್ನೆ. ಬಯಲಾಟದ ಗದ್ದೆಯಲ್ಲಿ ಇಬ್ಬನಿ ಬೀಳುತ್ತದೆ, ಅಲ್ಲಿ ಕುಲಾವಿ ನ್ಯಾಯವೇ. ಚೆಂಡೆಯ ಹತ್ತಿರ ಕೂರಬೇಡಿ, ಕೂಸಿನ ಕಿವಿಗೆ ಅದು ವಿಪರೀತ. ಮನೆಗೆ ಬಂದ ಕೂಡಲೇ, ಅಥವಾ ಕಾರಿನ ಬಾಗಿಲು ಹಾಕಿದ ಕೂಡಲೇ, ಮಗು ನಿದ್ದೆಯಲ್ಲಿದ್ದರೂ ಕುಲಾವಿ ಮತ್ತು ಶಾಲು ತೆಗೆಯಿರಿ. ಹೆಚ್ಚಿನವರು ಮರೆಯುವುದು ಆ ಹೊತ್ತಿನಲ್ಲಿ.

ಸೀರೆಯ ಜೋಲಿ? ಹಗಲು ನೀವು ಎದುರಿಗಿದ್ದು ತೂಗುವಾಗ ಸರಿ. ರಾತ್ರಿಯಿಡೀ ಬೇಡ. ಜೋಲಿಯಲ್ಲಿ ಮಗುವಿನ ಗಲ್ಲ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ, ಸೀರೆಯ ಎರಡು ಬದಿ ಕೂಡಿಕೊಂಡು ಒಳಗೆ ಶಾಖವೂ ನಿಲ್ಲುತ್ತದೆ. ನೆಲ ಗಟ್ಟಿಯಾದ ಮರದ ತೊಟ್ಟಿಲಾದರೆ ಅಡ್ಡಿಯಿಲ್ಲ.

ಫ್ಯಾನಿನ ಗಾಳಿಯಿಂದ ಶೀತವಾಗುವುದಿಲ್ಲವೇ ಎಂದು ಹಿಂದಿನ ಸಾಲಿನಿಂದ ಕೇಳಿದರು. ನೆಗಡಿ ಬರುವುದು ವೈರಸ್ಸಿನಿಂದ, ಅದನ್ನು ತರುವುದು ಕೆಮ್ಮಿಕೊಂಡು ಬಂದು ಮಗುವಿಗೆ ಮುತ್ತಿಡುವ ನೆಂಟರು. 2008ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ ಫ್ಯಾನ್ ಇದ್ದ ಕೋಣೆಗಳಲ್ಲಿ ಹಠಾತ್ ಶಿಶು ಮರಣ ಕಡಿಮೆ ಎಂದು ಕಂಡುಬಂತು. ಅದೊಂದರಿಂದಲೇ ಫ್ಯಾನನ್ನು ರಕ್ಷಾಕವಚ ಎನ್ನಲಾಗದು, ಆದರೆ ಹೆದರಬೇಕಾದ ವಸ್ತುವಂತೂ ಅಲ್ಲ. ಮಧ್ಯಮ ವೇಗದಲ್ಲಿ, ನೇರ ಮುಖಕ್ಕೆ ಬೀಸದಂತೆ ಇರಲಿ. ಎ.ಸಿ. ಇದ್ದರೆ 25–26ಕ್ಕೆ ಇಟ್ಟು ಪೂರ್ತಿ ತೋಳಿನ ಒಂದು ತೆಳು ಅಂಗಿ ತೊಡಿಸಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಎ.ಸಿ.ಗೆಂದು ಹಾಕಿದ ಬಟ್ಟೆ ಹಾಗೆಯೇ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ಕೋಣೆ ಬಿಸಿಯಾಗುತ್ತದೆ, ಟಾರ್ಚ್ ಹುಡುಕುವ ಮೊದಲು ಮಗುವಿನ ಅಂಗಿ ಬಿಚ್ಚಿ.

ಕೊನೆಯದಾಗಿ ಒಬ್ಬ ತಾಯಿ, ಎಂಟು ತಿಂಗಳ ಮಗಳು ಹೊದಿಸಿದ್ದನ್ನೆಲ್ಲ ಒದ್ದು ಹಾಕುತ್ತಾಳೆ, ರಾತ್ರಿಯಿಡೀ ಎದ್ದು ಹೊದಿಸುವುದೇ ಕೆಲಸವಾಗಿದೆ ಎಂದರು. ಹೊದಿಸಬೇಡಿ. ಅವಳಿಗೆ ಸೆಕೆಯಾಗುತ್ತಿದೆ, ಹೇಳುತ್ತಿದ್ದಾಳೆ. ಜಬ್ಲಾ ಮತ್ತು ಚಡ್ಡಿ ಹಾಕಿ ಮಲಗಿಸಿ, ನೀವೂ ಮಲಗಿ.